ನನಗಿಂತ ಮೊದಲು ಗಡ್ಡೆಗೆ ಬಂದವಳು

ದೆವ್ವ, ಶಕುನ, ಮುಂದಾಗುವುದು ಮೊದಲೇ ಗೊತ್ತಾಗುವುದು, ಇಂಥ ಮಾತು ಬಂದಾಗಲೆಲ್ಲ ನಾನು ನಗುತ್ತಿದ್ದವಳು. ಈಗ ಎಲ್ಲವನ್ನೂ ನಂಬಿಬಿಟ್ಟಿದ್ದೇನೆ ಅಂತಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಇಷ್ಟು ವರ್ಷ ಮನೆಯವರಿಗೂ ಸರಿಯಾಗಿ ಹೇಳಿಲ್ಲ. ಹೇಳಿದರೆ ಅವರೂ ನನ್ನ ಹಾಗೆಯೇ ನಕ್ಕಾರು ಎಂಬ ಅಳುಕು. ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನಮ್ಮಪ್ಪ ಮಾನ್ವಿ ತಾಲೂಕಿನ ಕಲ್ಲೂರಿನಿಂದ ಬಂದು ರಾಯಚೂರಿನ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಬೌದ್ಧ ಧರ್ಮಕ್ಕೆ ಸೇರಿದ ಮೇಲೆ ಮನೆಯಲ್ಲಿದ್ದ ತಾಯತ, ಲಿಂಬೆಹಣ್ಣು, ಕರಿದಾರ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ಎಸೆದು ಬಂದವನು. ನಾವು ಚಿಕ್ಕವರಿದ್ದಾಗ ಯಾವುದಾದರೂ ಜಾಗಕ್ಕೆ ಹೋಗಲು ಹೆದರಿದರೆ ಕೈಹಿಡಿದು ಅಲ್ಲಿಗೇ ಕರೆದುಕೊಂಡು ಹೋಗಿ, "ನೋಡು, ಏನದ ಇಲ್ಲಿ? ಕಣ್ಣು ಬಿಟ್ಟು ನೋಡು" ಎನ್ನುತ್ತಿದ್ದ. ಆ ಮಾತು ಮೈಗೆ ಹತ್ತಿತ್ತು. ಮುಂದೆ ನಾನು ಓದಿದ್ದು ಜೀವಶಾಸ್ತ್ರ, ಕೆಲಸ ಸಿಕ್ಕಿದ್ದು ರಾಯಚೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಪಾಠ ಹೇಳುವಾಗಲೂ ನಾನು ಹೆಚ್ಚು ಸಲ ಬಳಸುತ್ತಿದ್ದ ಮಾತು ಅಪ್ಪನದೇ.

ಎಂಬತ್ತರ ದಶಕದ ಆರಂಭದ ವರ್ಷಗಳು. ಸಂಕ್ರಾಂತಿ ಕಳೆದಿತ್ತು. ನನ್ನ ಜೊತೆಗೆ ಭೂಗೋಳ ಕಲಿಸುತ್ತಿದ್ದ ಶಮೀಮ್ ಒಂದು ದಿನ, "ಪುಸ್ತಕದಾಗಿನ ದ್ವೀಪ ತೋರಿಸಿ ತೋರಿಸಿ ಸಾಕಾತು. ಖರೇ ದ್ವೀಪಕ್ಕ ಕರಕೊಂಡು ಹೋಗೂನು ಈ ಹುಡುಗ್ಯಾರನ್ನ" ಎಂದಳು. ದೇವದುರ್ಗದ ಆಚೆ ಕೃಷ್ಣೆಯ ನಡುವೆ ಒಂದು ಗಡ್ಡೆ ಇದೆ, ಅಲ್ಲಿ ಮೆಣಸಿನಕಾಯಿ, ಕೊತ್ತಂಬರಿ, ಅಜವಾನ, ಅರಿಶಿನ ಬೆಳೆಯುತ್ತಾರೆ, ಬಂಡೆಗಳ ಮೇಲೆ ಮೊಸಳೆ ಮಲಗುತ್ತವೆ ಎಂದು ಅವಳಿಗೆ ಹೇಳಿದ್ದು ಅವಳ ಮಾಮಾ. ಅವರು ರಾಯಚೂರಿನ ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಗಡ್ಡೆಯ ಒಕ್ಕಲಿನ ದ್ಯಾವಪ್ಪ ಎಂಬುವವನ ಮಾಲು ಪ್ರತಿವರ್ಷ ಅವರಲ್ಲಿಗೇ ಬರುತ್ತಿತ್ತು. ಮಾಲಿನ ಲಾರಿಯವನ ಕೈಯಲ್ಲಿ ಅವರೇ ಹೇಳಿ ಕಳಿಸಿದರು: ಇಬ್ಬರು ಟೀಚರುಗಳು ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆತರುತ್ತಾರೆ, ಒಂದು ದಿನ ಅಡ್ಡಾಡಿಸಿ ಎಲ್ಲ ತೋರಿಸು ಎಂದು. ಅಂದರೆ ನಾವು ಬರುವುದು ಅಲ್ಲಿಯವರಿಗೆ ಮೊದಲೇ ಗೊತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ಎಷ್ಟೋ ವರ್ಷ ನಾನು ಹಿಡಿದು ನಿಂತ ಆಸರೆ ಇದೊಂದೇ.

ಬೆಳಗಿನ ಮೊದಲ ಬಸ್ಸು ಹಿಡಿದು ಹೊರಟೆವು. ಕಲ್ಮಲ ದಾಟುವ ಹೊತ್ತಿಗೆ ಬೆಳಕು ಹರಿಯಿತು, ಗಬ್ಬೂರಿನಲ್ಲಿ ಬಸ್ಸು ನಿಂತಾಗ ಹುಡುಗಿಯರು ಮಿರ್ಚಿ ಬಜಿ ಕೊಂಡು ತಿಂದರು. ದೇವದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು. ಅದು ನಮ್ಮನ್ನು ಹೊಳೆಯ ದಂಡೆಯ ಹಳ್ಳಿಯಲ್ಲಿ ಇಳಿಸಿ ಧೂಳೆಬ್ಬಿಸಿಕೊಂಡು ತಿರುಗಿ ಹೋಯಿತು. ಕಡವಿನಲ್ಲಿ ದೊಡ್ಡದೊಂದು ಹರಗೋಲು ಕಟ್ಟಿತ್ತು. ಅದರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ ಗಟ್ಟಿಮುಟ್ಟಾದ ಮನುಷ್ಯನೇ ದ್ಯಾವಪ್ಪ. ನಮ್ಮನ್ನು ಕಂಡು ಬೀಡಿ ಬಿಸಾಡಿ ಎದ್ದವನು ನನ್ನ ಮುಖ ನೋಡಿ ಗಕ್ಕನೆ ನಿಂತುಬಿಟ್ಟ.

"ಮತ್ತ ಬಂದ್ರೇನ್ರೀ ಟೀಚರಮ್ಮ?" ಎಂದ.

"ಮತ್ತ ಅಂದ್ರ? ಇದ ಮೊದಲ ಸಲ ಬರಾಕತ್ತೀನಿ" ಎಂದೆ.

ಅವನು ನನ್ನ ಕಾಲಕಡೆ ಒಮ್ಮೆ ನೋಡಿ, ಹುಡುಗಿಯರನ್ನು ಹತ್ತಿಸಿಕೊಳ್ಳತೊಡಗಿದ. ಬೇರೆ ಯಾರನ್ನೋ ನಾನೆಂದು ತಿಳಿದಿದ್ದಾನೆ ಎಂದುಕೊಂಡು ನಾನೂ ಅದನ್ನು ಅಲ್ಲಿಗೇ ಬಿಟ್ಟೆ. ಎರಡು ಸಲಕ್ಕೆ ನಮ್ಮೆಲ್ಲರನ್ನೂ ದಾಟಿಸಿದ. ಹೊಳೆ ಶಾಂತವಾಗಿತ್ತು. ತಳದ ಕಲ್ಲು ಕಾಣುವಷ್ಟು ತಿಳಿನೀರು.

ಗಡ್ಡೆ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಒಂದು ತುದಿಯಿಂದ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಅಲ್ಲಿದ್ದ ಮನೆಗಳು ಕೆಲವೇ. ಉಳಿದದ್ದೆಲ್ಲ ಹೊಲ. ಕೊತ್ತಂಬರಿ ಬಿಳಿ ಹೂ ಬಿಟ್ಟು ನಿಂತಿತ್ತು. ನಡುವೆ ನಡೆದರೆ ಲಂಗಕ್ಕೆಲ್ಲ ವಾಸನೆ ಹತ್ತುತ್ತಿತ್ತು. ಅಜವಾನದ ಎಲೆ ತಿಕ್ಕಿ ಮೂಸಿದ ಹುಡುಗಿಯರು ಸೀನಿ ನಕ್ಕರು. ಅರಿಶಿನ ಅಗೆಯುತ್ತಿದ್ದ ಹೆಂಗಸರು ಹಸಿ ಕೊಂಬು ಮುರಿದು ಒಳಗಿನ ಕೇಸರಿ ಬಣ್ಣ ತೋರಿಸಿದರು. ಬಂಡೆಗಳ ಮೇಲೆ ಮೆಣಸಿನಕಾಯಿ ಒಣಗಲು ಹರಡಿದ್ದರು, ದೂರದಿಂದ ನೋಡಿದರೆ ಯಾರೋ ಕೆಂಪು ಜಮಖಾನ ಹಾಸಿದ ಹಾಗೆ. ದ್ಯಾವಪ್ಪ ಮುಂದೆ ಮುಂದೆ ನಡೆಯುತ್ತ ಎಲ್ಲ ಹೇಳುತ್ತಿದ್ದ. ಮೊಸಳೆ ಬಾಯಿ ತೆರೆದು ಮಲಗುವುದು ಗಾಳಿ ಕುಡಿಯಲಿಕ್ಕೆ ಎಂದ. ಅದು ಮೈಯ ಕಾವು ಇಳಿಸಿಕೊಳ್ಳಲು ಎಂದು ನಾನು ತಿದ್ದಿದೆ. "ಇರಬಹುದ್ರೀ" ಎಂದು ನಕ್ಕ. ನಾವು ನೋಡಿದ ಮೊಸಳೆಗಳು ದೂರದ ಬಂಡೆಯ ಮೇಲೆ ಬಿದ್ದುಕೊಂಡಿದ್ದವು. ನೀರುನಾಯಿಗಳ ಒಂದು ಹಿಂಡು ತಲೆಯೆತ್ತಿ ನಮ್ಮನ್ನು ನೋಡಿ ಸಿಳ್ಳೆ ಹಾಕಿದಂತೆ ಕೂಗಿ ಮುಳುಗಿತು. ಹುಡುಗಿಯರು ಕುಣಿದಾಡಿದರು. ಒಳ್ಳೆಯ ದಿನ ಅದು.

ನಡುವೆ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತ್ತು. ಅರಿಶಿನದ ಹೊಲದ ಹೆಂಗಸರು ನನ್ನನ್ನು ನೋಡಿ ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿ ತಲೆ ಕೆಳಗೆ ಹಾಕಿದ್ದರು. ಶಮೀಮಳ ಕಡೆ ಹಾಗೆ ಯಾರೂ ನೋಡಲಿಲ್ಲ.

ಮಧ್ಯಾಹ್ನ ದ್ಯಾವಪ್ಪನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಊಟಕ್ಕೆ ಕೂತೆವು. ಅವನ ತಾಯಿ ತಾಯಮ್ಮ ಬಡಿಸಲು ಬಂದಳು. ವಯಸ್ಸಾದವಳು, ಬಾಗಿದ ಬೆನ್ನು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕುಟ್ಟಿದ ಒಣಚಟ್ನಿ ಶೇಂಗಾ ಹಿಂಡಿ. ಎಲ್ಲರ ತಟ್ಟೆಗೂ ಹಿಂಡಿ ಹಾಕಿದ ಮುದುಕಿ ನನ್ನ ತಟ್ಟೆಗೆ ಹಾಕಲಿಲ್ಲ. ಒಳಗೆ ಹೋಗಿ ಚಿಕ್ಕದೊಂದು ಬಟ್ಟಲು ತಂದು ಮುಂದಿಟ್ಟಳು.

"ಇದು ನಿನಗ ಬ್ಯಾರೆ ಕುಟ್ಟೀನಿ ನನ್ನವ್ವಾ. ಬಳ್ಳೊಳ್ಳಿ ಹಾಕಿಲ್ಲ. ಆಗಂಗಿಲ್ಲ ಅಂದಿದ್ಯಲ್ಲ" ಎಂದಳು.

ನಿಜ. ಬೆಳ್ಳುಳ್ಳಿ ತಿಂದರೆ ನನಗೆ ಬಾಯೆಲ್ಲ ಹುಣ್ಣಾಗುತ್ತದೆ. ಚಿಕ್ಕಂದಿನಿಂದಲೂ ಹಾಗೆ. ಆದರೆ ಅದು ನಮ್ಮ ಮನೆಯವರಿಗೆ ಗೊತ್ತಿದ್ದ ಮಾತು. ಶಮೀಮಳಿಗೂ ಹೇಳಿದ್ದೆನೋ ಇಲ್ಲವೋ.

"ಯಾವಾಗ ಅಂದೆ ಯವ್ವಾ?" ಎಂದು ಕೇಳಿದೆ.

"ನಿನ್ನಿ, ಇಷ್ಟೊತ್ತಿಗೇ ಬಂದಿದ್ದಿ. ಇಲ್ಲೇ ಕುಂತಿದ್ದಿ. ಉಣ್ಣು ಅಂದ್ರ ಒಲ್ಲೆ ಅಂದಿ, ಹಿಂಡಿಯೊಳಗ ಬಳ್ಳೊಳ್ಳಿ ಅದ, ನನಗ ಆಗಂಗಿಲ್ಲ ಅಂದಿ. ನೀಲಿ ಸೀರಿ ಉಟ್ಟಿದ್ದಿ. ಪೂರಾ ತೊಯ್ದಿದ್ದಿ ನೋಡು, ಕೂದಲದಾಗೆಲ್ಲ ಉಸುಕು."

ನಾನು ಆ ದಿನ ಉಟ್ಟಿದ್ದು ಹಸಿರು ಸೀರೆ. ಆದರೆ ಹಿಂದಿನ ಸಂಜೆ ಪ್ರವಾಸಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದು ನೀಲಿ ನೂಲಿನ ಸೀರೆಯನ್ನು. ಹೊರಡುವ ಗಡಿಬಿಡಿಯಲ್ಲಿ ಅದರ ಮೇಲೆ ಚಹಾ ಚೆಲ್ಲಿತೆಂದು ಕತ್ತಲಲ್ಲೇ ಟ್ರಂಕು ತಡವಿ ಕೈಗೆ ಸಿಕ್ಕ ಹಸಿರನ್ನು ಉಟ್ಟು ಬಂದಿದ್ದೆ. ಇದು ನನ್ನನ್ನು ಬಿಟ್ಟು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹುಡುಗಿಯರ ಮುಂದೆ ಗಾಬರಿ ತೋರಿಸಬಾರದೆಂದು ನಕ್ಕು, "ನಿನ್ನಿ ನಾ ಸಾಲ್ಯಾಗ ಇದ್ದೆ ಯವ್ವಾ. ಬೇಕಾದ್ರ ಈಕಿನ್ನ ಕೇಳು" ಎಂದು ಶಮೀಮಳನ್ನು ತೋರಿಸಿದೆ. ಶಮೀಮ್ ಹೌದೆಂದು ತಲೆಯಾಡಿಸಿದಳು. ತಾಯಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದಳು. ಸುಳ್ಳು ಹೇಳುತ್ತಿದ್ದೇವೆಂದು ಅವಳಿಗೆ ಅನ್ನಿಸಿದ ಹಾಗಿರಲಿಲ್ಲ. ಅವಳ ಮುಖದಲ್ಲಿ ಬರಬರುತ್ತ ಹೆದರಿಕೆ ಮೂಡಿತು. ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಊಟವಾದ ಮೇಲೆ ಹುಡುಗಿಯರು ಆಡಿದರು, ಮೆಣಸಿನಕಾಯಿ ರಾಶಿಯ ಹತ್ತಿರ ಹೋಗಿ ಕೆಮ್ಮಿದರು. ಹಳ್ಳಿಯಿಂದ ದೇವದುರ್ಗಕ್ಕೆ ಹೋಗುವ ಕಡೆಯ ಬಸ್ಸು ಹೊತ್ತು ಮುಳುಗುವ ಮುಂಚೆಯೇ ಇತ್ತು. ಬಿಸಿಲು ಸ್ವಲ್ಪ ಇಳಿದಾಗ ಎಲ್ಲರನ್ನೂ ಸೇರಿಸಿಕೊಂಡು ಬೆಳಗ್ಗೆ ಇಳಿದಿದ್ದ ದೊಡ್ಡ ಕಡವಿಗೆ ಬಂದೆವು. ಅಲ್ಲಿ ದ್ಯಾವಪ್ಪ ಕೈಕಟ್ಟಿ ನಿಂತಿದ್ದ. ಹರಗೋಲು ಇರಲಿಲ್ಲ.

"ಹರಗೋಲು ಎಲ್ಲಿ?" ಎಂದೆ.

"ಆ ಕಡಿ ತುದಿಗೆ ಒಯ್ದೀನ್ರೀ. ಅಲ್ಲಿಂದ ದಾಟಿಸ್ತೀನಿ. ಇಲ್ಲಿ ಬ್ಯಾಡ."

ಆ ತುದಿಯಿಂದ ದಾಟಿದರೆ ಇಳಿಯುವುದು ಎಲ್ಲೋ ಮೇಲುಗಡೆ, ಅಲ್ಲಿಂದ ದಂಡೆಗುಂಟ ನಡೆದು ಹಳ್ಳಿ ಸೇರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹದಿನಾಲ್ಕು, ಹದಿನೈದು ವಯಸ್ಸಿನ ಹುಡುಗಿಯರು. ಸಂಜೆಗೆ ಮನೆ ಸೇರಿಸುತ್ತೇವೆಂದು ತಂದೆತಾಯಿಗಳಿಗೆ ಮಾತು ಕೊಟ್ಟು ಕರೆತಂದವರು ನಾವು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಹುಡುಗಾಟಿಕಿ ಹಚ್ಚೀದಿ ದ್ಯಾವಪ್ಪ? ಬೆಳಿಗ್ಗಿ ಇಲ್ಲೇ ಇಳಿಸಿದ್ಯಲ್ಲ? ಈಗೇನಾಗೇದ?"

"ಸಿಟ್ಟಿಗೇಳತೀರಂತ ನೀವ ಹೇಳೀರಲ್ರೀ" ಎಂದ ಅವನು ತಲೆ ತಗ್ಗಿಸಿ. "ನಿನ್ನಿ ಅವ್ವನ ಮುಂದ ಕುಂತು ಹೇಳೀರಿ. ನಾಳೆ ಬರ್ತೀನಿ, ಹುಡುಗ್ಯಾರು ಇರ್ತಾರ. ಹೊತ್ತಿಳಿಯೋ ಮುಂದ ದೊಡ್ಡ ಕಡವಿನಾಗ ದಾಟಿಸಬ್ಯಾಡ್ರಿ. ನಾ ಸಿಟ್ಟು ಮಾಡ್ತೀನಿ, ಬೈತೀನಿ, ಆದ್ರೂ ಬಿಡಬ್ಯಾಡ್ರಿ ಅಂತ. ನಾ ದೂರ ಹೊಲದಾಗಿದ್ದೆ. ಆದ್ರ ನಿಮ್ಮ ಮಾರಿ ನೋಡೀನಿ. ಹರಗೋಲು ನನ್ನ ಹತ್ರನ ಇತ್ತು, ನಿಮ್ಮನ್ನ ನಾ ದಾಟಿಸಿಲ್ಲ, ಬ್ಯಾರೆ ಯಾರೂ ದಾಟಿಸಿಲ್ಲ. ಹ್ಯಾಂಗ ಬಂದ್ರಿ ಅಂತ ರಾತ್ರೆಲ್ಲ ಯೋಚನಿ ಮಾಡೀನಿ."

ಇಷ್ಟು ಕೇಳಿದ ಮೇಲೆ ನಾನು ಹೆದರಬೇಕಿತ್ತು. ಹೆದರಲಿಲ್ಲ. ಊರವರೆಲ್ಲ ಸೇರಿ ಪಟ್ಟಣದಿಂದ ಬಂದ ಹೆಂಗಸರನ್ನು ಆಡಿಸುತ್ತಿದ್ದಾರೆ ಎಂದೇ ತಿಳಿದೆ. ನನ್ನ ದನಿ ಏರಿತು. ಹುಡುಗಿಯರು ಪಿಳಿಪಿಳಿ ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ಗಡ್ಡೆಯ ಇನ್ನೊಬ್ಬ ರೈತ ರಂಗಪ್ಪ ತನ್ನ ಹರಗೋಲನ್ನು ನೀರಿಗಿಳಿಸಿ, ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟಿದ್ದ. ಜಗಳ ಕೇಳಿ ನಕ್ಕ.

"ದ್ಯಾವಪ್ಪಗ ಅವರವ್ವ ತಲಿ ಕೆಡಿಸ್ಯಾಳ. ಬರ್ರಿ ಟೀಚರಮ್ಮ, ನಾಕು ಹುಡುಗ್ಯಾರನ್ನ ಕುಂದರ್ಸ್ರಿ, ಇಳಿಸಿ ಮತ್ತ ಬಂದು ಉಳದಾರನ್ನ ಒಯ್ತೀನಿ."

ನಾನು ಹೂಂ ಎಂದೆ. ಮುಂದೆ ನಿಂತಿದ್ದ ಸುಜಾತಾ ಎಂಬ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಕಾಲನ್ನು ಹರಗೋಲಿನೊಳಗೆ ಇಟ್ಟೂ ಆಗಿತ್ತು. ಆಗ ತಾಯಮ್ಮ ಓಡಿ ಬಂದಳು. ಆ ಬಾಗಿದ ಬೆನ್ನಿನಲ್ಲಿ ಅವಳು ಓಡಿದ್ದನ್ನು ನೆನೆದರೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ನನ್ನ ಎರಡೂ ಕೈ ಹಿಡಿದುಕೊಂಡು, "ಬ್ಯಾಡ ನನ್ನವ್ವಾ, ಬ್ಯಾಡ. ನಿನ್ನಿ ನೀ ಹಿಂಗ ನನ್ನ ಕೈ ಹಿಡದಿದ್ದಿ. ಈಗ ನಾ ಹಿಡದೀನಿ" ಎಂದು ಗೊಳೋ ಎಂದು ಅತ್ತಳು.

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಶಮೀಮ್ ಹತ್ತಿರ ಬಂದು ಮೆಲ್ಲಗೆ, "ಖರೇನೋ ಸುಳ್ಳೋ, ಇರಲಿ ಬಿಡು. ಮುದುಕಿ ಅಳಾಕತ್ತಾಳ. ಬಸ್ ಹೋದ್ರ ಹೋಗ್ಲಿ" ಎಂದಳು. ಹೇಳಿ, ಸುಜಾತಾಳ ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡಳು. ಶಮೀಮ್ ಅಂದು ಜೊತೆಗಿಲ್ಲದಿದ್ದರೆ ನಾನು ಖಂಡಿತ ಹುಡುಗಿಯರನ್ನು ಕೂಡಿಸುತ್ತಿದ್ದೆ.

ರಂಗಪ್ಪ ಭುಜ ಕುಣಿಸಿ ಒಬ್ಬನೇ ಹೊರಟ. ಗಾಳಿ ಇರಲಿಲ್ಲ. ನೀರಿನ ಮೇಲೆ ಸುಳಿಯಿರಲಿಲ್ಲ. ಇಳಿಬಿಸಿಲು ಹೊಳೆಯ ಮೇಲೆ ಬಿದ್ದು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಇಂಥ ಕಥೆಗಳನ್ನು ಜನ ಕತ್ತಲಿಗೆ ಕಟ್ಟಿ ಹೇಳುತ್ತಾರೆ. ನಾನು ನೋಡಿದ್ದು ಬೆಳಕಿನಲ್ಲಿ, ಕಣ್ಣು ಬಿಟ್ಟುಕೊಂಡು. ನಡುಹೊಳೆಯಲ್ಲಿ ಹರಗೋಲು ಒಮ್ಮೆ ನಿಂತಂತಾಯಿತು. ರಂಗಪ್ಪ ಹುಟ್ಟು ಎತ್ತಿ ಕೆಳಗೆ ನೋಡಿದ. ಮರುಕ್ಷಣ ಹರಗೋಲಿನ ಒಂದು ಬದಿ ಮೆಲ್ಲಗೆ, ಅವಸರವೇ ಇಲ್ಲದ ಹಾಗೆ ಮೇಲಕ್ಕೆ ಎದ್ದಿತು. ಎದ್ದು, ಮೊರದಂತೆ ಇಡಿಯಾಗಿ ಮಗುಚಿಕೊಂಡಿತು. ಸಪ್ಪಳವೇ ಆಗಲಿಲ್ಲವೆನ್ನಬೇಕು. ಚೀಲಗಳ ಬಾಯಿ ಬಿಚ್ಚಿ ಮೆಣಸಿನಕಾಯಿ ನೀರಿನ ಮೇಲೆ ಹರಡತೊಡಗಿತು. ನೋಡನೋಡುತ್ತ ಹೊಳೆಯ ಅಷ್ಟಗಲವೂ ಕೆಂಪಾಯಿತು.

ನನ್ನ ಹಿಂದೆ ಒಬ್ಬ ಹುಡುಗಿ ಚೀರಿದಳು. ದ್ಯಾವಪ್ಪ ಆಚೆ ದಂಡೆಯವರಿಗೆ ಕೇಳುವಂತೆ ಕೂಗುತ್ತ ನೀರಿಗೆ ಹಾರಿದ. ರಂಗಪ್ಪ ಒಂದು ಬಂಡೆಯನ್ನು ಅಪ್ಪಿಕೊಂಡಿದ್ದ. ಆಚೆಯಿಂದ ಮೀನುಗಾರರು ಬಂದು ಅವನನ್ನು ಎತ್ತಿಕೊಂಡರು. ಬದುಕಿದ. ಮೈಮೇಲೆ ಒಂದು ಗೀರೂ ಇರಲಿಲ್ಲ. ದಂಡೆಗೆ ತಂದು ಮಲಗಿಸಿದಾಗ ನಡುಗುತ್ತ, "ಕೆಳಗಿಂದ ಯಾರೋ ಹೆಗಲು ಕೊಟ್ಟು ಎತ್ತಿದಂಗಾತು" ಎಂದಷ್ಟೇ ಹೇಳಿದನಂತೆ. ಇದನ್ನು ಆಮೇಲೆ ದ್ಯಾವಪ್ಪ ನನಗೆ ಹೇಳಿದ. ಹೊಳೆಯಲ್ಲೇ ಹುಟ್ಟಿ ಬೆಳೆದ ರಂಗಪ್ಪ ಮುಂದೆ ಮನೆ ಬಿಟ್ಟು ಆಚೆ ದಂಡೆಯ ಹಳ್ಳಿಗೆ ಹೋಗಿ ನೆಲೆಸಿದನೆಂದೂ ಕೇಳಿದೆ.

ನಾವು ಕೊತ್ತಂಬರಿ ಹೊಲ ದಾಟಿ ಇನ್ನೊಂದು ತುದಿಗೆ ನಡೆದೆವು. ಈಜಿ ಮರಳಿ ಬಂದ ದ್ಯಾವಪ್ಪ ಅಲ್ಲಿಂದ ನಮ್ಮನ್ನು ದಾಟಿಸಿದ. ಹರಗೋಲಿನ ತಳಕ್ಕೆ ಏನಾದರೂ ತಾಗಿದರೆ ಎಂದು ಹುಡುಗಿಯರು ಒಬ್ಬರನ್ನೊಬ್ಬರು ಗಟ್ಟಿ ಹಿಡಿದುಕೊಂಡು ಕೂತಿದ್ದರು. ಏನೂ ತಾಗಲಿಲ್ಲ. ಬಸ್ಸು ಹೋಗಿತ್ತು. ಹಳ್ಳಿಯವರೊಬ್ಬರು ಟ್ರ್ಯಾಕ್ಟರಿನಲ್ಲಿ ದೇವದುರ್ಗಕ್ಕೆ ಮುಟ್ಟಿಸಿದರು. ಅಲ್ಲಿ ಒಬ್ಬ ಹುಡುಗಿಯ ದೊಡ್ಡಮ್ಮನ ಮನೆಯಲ್ಲಿ ಉಳಿದು ಮರುದಿನ ರಾಯಚೂರಿಗೆ ಬಂದೆವು. ತಂದೆತಾಯಿಗಳಿಂದ ಬೈಸಿಕೊಂಡೆವು. ಅದೇನೂ ದೊಡ್ಡದಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಹರಗೋಲು ಮಗುಚಿದ್ದಕ್ಕೆ ಕಾರಣ ಹುಡುಕಿದೆ. ದೊಡ್ಡ ಮೊಸಳೆಯೊಂದು ಅಡಿಯಿಂದ ಎದ್ದಿರಬಹುದು. ಹೆಚ್ಚು ಭಾರ ಹೇರಿ ಒಂದು ಬದಿಗೆ ವಾಲಿರಬಹುದು. ಇವು ಆಗುವಂಥವೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನ್ನಂತೆ ಕಾಣುವ, ಬೆಳ್ಳುಳ್ಳಿ ಆಗದ, ಆ ಹೊತ್ತಿಗೆ ನನ್ನ ಮನೆಯಲ್ಲೇ ಇದ್ದ ನೀಲಿ ಸೀರೆಯನ್ನೇ ಉಟ್ಟ ಹೆಂಗಸು ಹಿಂದಿನ ದಿನ ಆ ಗಡ್ಡೆಗೆ ಬಂದದ್ದು ಹೇಗೆ? ನನಗೆ ಅಕ್ಕತಂಗಿಯರಿಲ್ಲ. ಶಮೀಮ್ ಒಮ್ಮೆ, "ಅದು ಫರಿಶ್ತಾ ಇರಬೇಕು ನೋಡು, ನಿನ್ನ ವೇಷ ಹಾಕ್ಕೊಂಡು ಬಂದದ" ಎಂದಳು. ದೇವದೂತನಾದರೆ ಒಳ್ಳೆಯದೇ. ನಾನೂ ಅದನ್ನು ನಂಬಿ ನೆಮ್ಮದಿಯಾಗಿರಬಹುದಿತ್ತು, ತಾಯಮ್ಮ ರಾಯಚೂರಿಗೆ ಬರದೇ ಇದ್ದಿದ್ದರೆ.

ಅವಳು ಬಂದದ್ದು ಬೇಸಿಗೆಯಲ್ಲಿ. ಮಗ ಗಂಜಿಗೆ ಮಾಲು ತಂದಿದ್ದ, ಇವಳು ಕಣ್ಣು ತೋರಿಸಿಕೊಳ್ಳಲು ಜೊತೆಗೆ ಬಂದು ಶಮೀಮಳ ಮಾಮಾನ ಮನೆಯಲ್ಲಿ ಇಳಿದುಕೊಂಡಿದ್ದಳು. ಸುದ್ದಿ ತಿಳಿದು ಶಮೀಮಳ ಜೊತೆ ಹೋದೆ. ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದಳು. ಕ್ಷೇಮ ಸಮಾಚಾರವಾದ ಮೇಲೆ, ಆ ದಿನ ಕೇಳದೆ ಉಳಿದಿದ್ದನ್ನು ಕೇಳಿದೆ.

"ಯವ್ವಾ, ಆಕಿ ನಿನ್ನ ಹತ್ರ ಮತ್ತೇನಾದ್ರೂ ಹೇಳಿದ್ಲೇನು?"

ತಾಯಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಆ ದಿನ ಹುಡುಗ್ಯಾರ ಮುಂದ ಹೇಳಬಾರದು ಅಂತ ಬಿಟ್ಟೆ" ಎಂದಳು. "ಬಂದಾಕಿನ ಮೊದಲು ಕೇಳಿದ್ದು, ನನ್ನ ಹುಡುಗ್ಯಾರು ಈ ಕಡಿ ಬಂದ್ರೇನವ್ವಾ ಅಂತ. ಯಾರೂ ಬಂದಿಲ್ಲ ಅಂದೆ. ನಂಬಲಿಲ್ಲ. ಹೊಲದಾಗ, ಬಣವಿ ಹಿಂದ, ಎಲ್ಲಾ ಕಡಿ ಹುಡುಕಿದ್ಲು. ಆಮ್ಯಾಲೆ ಕುಂತು, ಇವತ್ತು ಯಾವ ವಾರ ಅಂತ ಕೇಳಿ, ನಿನಗ ಗೊತ್ತಿರೋ ಆ ಮಾತು ಹೇಳಿದ್ಲು. ಎದ್ದು ದೊಡ್ಡ ಕಡವಿಗೆ ಹೋದ್ಲು. ತೊಯ್ದಾಳ, ಒಂದು ಒಣ ಸೀರಿ ಕೊಡೂನು ಅಂತ ನಾ ಹಿಂದ ಹೋದೆ. ದಂಡಿ ಮ್ಯಾಲ ನಿಂತಿದ್ಲು. ನೀರಿನ ಕಡಿ ಮಾರಿ ಮಾಡಿ ಒಂದೊಂದ ಹೆಸರು ಕರ್ಯಾಕತ್ತಿದ್ಲು. ಒಂದು ಹೆಸರು ಕರದು ತಡೀತಿದ್ಲು, ಯಾರರ ಓ ಅಂತಾರೇನೋ ಅನ್ನೋ ಹಂಗ. ಮತ್ತೊಂದು ಹೆಸರು ಕರದು ತಡೀತಿದ್ಲು."

"ಯಾವ ಹೆಸರು?" ಎಂದು ಕೇಳಿದ್ದು ನಾನಲ್ಲ, ಶಮೀಮ್.

ತಾಯಮ್ಮನಿಗೆ ಎಲ್ಲ ನೆನಪಿರಲಿಲ್ಲ. ನೆನಪಿದ್ದಷ್ಟು ಹೇಳಿದಳು. ಅಂಬಿಕಾ, ಅನ್ನಪೂರ್ಣಾ, ಈರಮ್ಮ, ಮೆಹರುನ್ನಿಸಾ, ಸುಜಾತಾ. ನಾನು ದಿನಾ ಬೆಳಗ್ಗೆ ತರಗತಿಯಲ್ಲಿ ಹಾಜರಿ ಕೂಗುವ ಕ್ರಮದಲ್ಲೇ.

"ಆಮ್ಯಾಲೆ ನೀರಿಗಿಳಿದ್ಲು. ನಾ ಕೂಗಿದೆ, ತಿರುಗಿ ನೋಡಲಿಲ್ಲ. ಈಸಿ ದಾಟಿದ್ಲು ಅಂತ ತಿಳದಿದ್ದೆ" ಎಂದಳು ತಾಯಮ್ಮ.

ಆ ಹುಡುಗಿಯರೆಲ್ಲ ಓದಿದರು. ಹಲವರು ನೌಕರಿ ಸೇರಿದರು, ಮದುವೆಯಾಗಿ ಮಕ್ಕಳು ಮರಿ ಕಂಡರು. ಸುಜಾತಾ ಮಾನ್ವಿಯಲ್ಲಿ ನರ್ಸ್ ಆಗಿದ್ದಳು, ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ಬಂದು ನೋಡಿಕೊಂಡಳು. ಅವರಲ್ಲಿ ಒಬ್ಬೊಬ್ಬರನ್ನು ಕಂಡಾಗಲೂ ನನಗೆ ಸಂತೋಷವಾಗುತ್ತದೆ, ಹಿಂದೆಯೇ ಒಂದು ಚಳಿ ಹುಟ್ಟುತ್ತದೆ. ಬಂದವಳು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ತಿಳಿದವರು ಯಾರಾದರೂ ಇದ್ದರೆ ಹೇಳಿ, ಕೇಳಲು ಸಿದ್ಧಳಿದ್ದೇನೆ. ನನಗೆ ಗೊತ್ತಿರುವುದು ಇಷ್ಟೇ: ನಾನು ಹೆಸರು ಕರೆದಾಗ ನನ್ನ ಹುಡುಗಿಯರು ಓಗೊಟ್ಟರು. ಆ ದಂಡೆಯ ಮೇಲೆ ನಿಂತು ಕರೆದವಳಿಗೆ ಯಾರೂ ಓಗೊಡಲಿಲ್ಲ.